ಹಳೆಯ ಸರ್ವರುಗಳ ಬ್ಯಾಕಪ್: ಮಳೆಗೆ ಮುನ್ನ ಒಮ್ಮೆ ತೆರೆದು ನೋಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರಗಳಲ್ಲಿ ಕೊಡಗಿನ ಮುಂಗಾರು ಸಿದ್ಧತೆಯ ವರದಿಗಳು ನಿಮ್ಮ ಪತ್ರಿಕೆಯಲ್ಲಿ ಬರುತ್ತವೆ. ರಸ್ತೆ ಬದಿಯ ಅಪಾಯದ ಮರಗಳನ್ನು ತೆರವುಗೊಳಿಸುವುದು, ಚರಂಡಿಯ ಹೂಳೆತ್ತುವುದು, ಪರಿಹಾರ ಕೇಂದ್ರಗಳಿಗೆ ಶಾಲೆಗಳನ್ನು ಗುರುತಿಸುವುದು, ವಿದ್ಯುತ್ ಕಂಬಗಳನ್ನು ದಾಸ್ತಾನು ಮಾಡಿಕೊಳ್ಳುವುದು, ಇವೆಲ್ಲವೂ ಆ ವರದಿಗಳಲ್ಲಿ ಇರುತ್ತವೆ ಮತ್ತು ಇರಲೇಬೇಕು. ಆದರೆ ಸಹಕಾರ ಸಂಘ, ಶಾಲೆ, ತೋಟದ ಕಚೇರಿ ಮತ್ತು ಸಣ್ಣ ಆಸ್ಪತ್ರೆಗಳ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಓಡುತ್ತಿರುವ ಹಳೆಯ ಸರ್ವರುಗಳಲ್ಲಿರುವ ದಾಖಲೆಗಳ ಮಾತು ಆ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇಂತಹ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ವೃತ್ತಿಯಾದ್ದರಿಂದ ಮತ್ತು ಕಳೆದ ಮಳೆಗಾಲದಲ್ಲಿ ಒಂದು ಸಂಘದ ಹನ್ನೆರಡು ವರ್ಷಗಳ ಲೆಕ್ಕ ಕೂದಲೆಳೆಯಲ್ಲಿ ಉಳಿದದ್ದನ್ನು ಹತ್ತಿರದಿಂದ ಕಂಡಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಆ ಸಂಘದ ಹೆಸರನ್ನಾಗಲಿ, ಬ್ಯಾಕಪ್, ಅಂದರೆ ದಾಖಲೆಗಳ ರಕ್ಷಣಾ ಪ್ರತಿ ತೆಗೆಯುವ ಸಾಫ್ಟ್‌ವೇರ್ ಪೂರೈಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅವರಿಬ್ಬರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ನಡೆದದ್ದು ಬೇರೆ ಯಾವ ಕಚೇರಿಯಲ್ಲಿಯೂ ನಡೆಯಬಹುದಾದದ್ದು.

2012ರಲ್ಲಿ ಕೊಂಡ ಆ ಸರ್ವರಿನಲ್ಲಿ ಸೆಂಟ್‌ಓಎಸ್ 6 ಎಂಬ ಲಿನಕ್ಸ್ ವ್ಯವಸ್ಥೆಯಿದೆ. ಸದಸ್ಯರ ಷೇರು, ಠೇವಣಿ, ಬೆಳೆಸಾಲ, ಗೊಬ್ಬರದ ದಾಸ್ತಾನು ಎಲ್ಲವೂ ಅದರ ದತ್ತಸಂಚಯದಲ್ಲಿ (ಡೇಟಾಬೇಸ್) ಇವೆ. ಸಾಲದ ಅರ್ಜಿಗಳ ಜೊತೆ ಕೊಟ್ಟ ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಪಹಣಿಗಳ ಸ್ಕ್ಯಾನ್ ಪ್ರತಿಗಳೂ ಇವೆ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮೇಲೆ ಹಲವು ಸಂಘಗಳು ಹೊಸ ವ್ಯವಸ್ಥೆಗೆ ಹೊರಳುತ್ತಿವೆ. ಆದರೆ ಹೊಸದಕ್ಕೆ ಹೋಗುವುದು ಸಾಮಾನ್ಯವಾಗಿ ಚಾಲ್ತಿ ಖಾತೆಗಳ ಬಾಕಿ ಮೊತ್ತ ಮತ್ತು ಇತ್ತೀಚಿನ ವಿವರ. ಯಾವ ಸದಸ್ಯರು ಯಾವ ವರ್ಷ ಎಷ್ಟು ಕಟ್ಟಿದರು, ಯಾವ ಸಾಲ ಯಾವಾಗ ತೀರಿತು ಎಂಬ ಪೂರ್ಣ ಚರಿತ್ರೆ ಹಳೆಯ ಸರ್ವರಿನಲ್ಲಿಯೇ ಉಳಿಯುತ್ತದೆ. ಲೆಕ್ಕಪರಿಶೋಧಕರು ಕೇಳಿದಾಗ, ತಂದೆ ತೀರಿಕೊಂಡ ಮೇಲೆ ಮಕ್ಕಳು ಋಣಮುಕ್ತ ಪತ್ರಕ್ಕೆ ಬಂದಾಗ, ಕೊನೆಗೆ ತೆರೆಯುವುದು ಅದನ್ನೇ. ‘ಹಳೆಯ ಯಂತ್ರ, ಇನ್ನು ಬೇಡ’ ಎಂದು ಕೈಬಿಡುವಂತಿಲ್ಲ.

ಆ ಸರ್ವರಿನ ಬ್ಯಾಕಪ್ ಪ್ರತಿ ರಾತ್ರಿ ಹನ್ನೊಂದು ಗಂಟೆಗೆ ತಾನಾಗಿ ನಡೆಯುವಂತೆ ಏರ್ಪಾಡಾಗಿತ್ತು. ಜುಲೈ ತಿಂಗಳ ಒಂದು ಮಧ್ಯಾಹ್ನ ಬೇರೊಂದು ಕೆಲಸಕ್ಕೆ ಹೋದವನು ಅಭ್ಯಾಸದಂತೆ ವ್ಯವಸ್ಥೆಯ ಒಳಗಿನ ಅಂಚೆಪೆಟ್ಟಿಗೆಯನ್ನು ತೆರೆದೆ. ಲಿನಕ್ಸಿನಲ್ಲಿ ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್ ಎಂಬ ವ್ಯವಸ್ಥೆ, ಕೆಲಸ ತಪ್ಪಿದಾಗ ಬಂದ ದೂರನ್ನು ‘ರೂಟ್’ ಎಂಬ ನಿರ್ವಾಹಕ ಖಾತೆಯ ಹೆಸರಿಗೆ ಅದೇ ಯಂತ್ರದೊಳಗೆ ಅಂಚೆ ಹಾಕಿಡುತ್ತದೆ. ಅದು ಹೊರಗಿನ ಇಮೇಲ್‌ಗೆ ಬರುವುದಿಲ್ಲ. ಯಾರಾದರೂ ಹೋಗಿ ನೋಡಬೇಕು. ನೋಡಿದರೆ 118 ಪತ್ರಗಳು, ಎಲ್ಲದರಲ್ಲಿಯೂ ಒಂದೇ ಸಾಲು: ‘ಜಿಲಿಬ್‌ಸಿ 2.14 ಆವೃತ್ತಿ ಸಿಗಲಿಲ್ಲ’. ಅಂದರೆ ಸುಮಾರು ನಾಲ್ಕು ತಿಂಗಳಿನಿಂದ ಒಂದು ರಾತ್ರಿಯೂ ಬ್ಯಾಕಪ್ ಆಗಿರಲಿಲ್ಲ.

ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು. ಬ್ಯಾಕಪ್ ಕಂಪನಿಯವರು ಮಾರ್ಚ್‌ನಲ್ಲಿ ತಮ್ಮ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ಎಲ್ಲ ಗ್ರಾಹಕರ ಯಂತ್ರಗಳಿಗೂ ಕೇಂದ್ರದಿಂದಲೇ ಕಳುಹಿಸಿದ್ದರು. ಆ ಯಂತ್ರ ಹೊಸದನ್ನು ಓಡಿಸಬಲ್ಲುದೇ ಎಂದು ನೋಡದೆ ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸಲಾಗಿತ್ತು. ಹೊಸದು ಏಳಲೇ ಇಲ್ಲ. ಏಳದೇ ಇದ್ದುದರಿಂದ ‘ಬ್ಯಾಕಪ್ ವಿಫಲವಾಯಿತು’ ಎಂದು ಕೇಂದ್ರಕ್ಕೆ ವರದಿ ಮಾಡುವವರೂ ಇರಲಿಲ್ಲ. ಪರದೆಯ ಮೇಲೆ ಮಾರ್ಚ್‌ನ ಕೊನೆಯ ಯಶಸ್ಸಿನ ಹಸಿರು ಗುರುತು ಹಾಗೆಯೇ ಉಳಿಯಿತು. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿತ್ತು. ಜಾಗ ಉಳಿಸಲು 90 ದಿನ ಮೀರಿದ ಪ್ರತಿಗಳನ್ನು ಅಳಿಸಬೇಕೆಂಬ ನಿಯಮ ಸಂಗ್ರಹದ ಕಡೆಯ ಯಂತ್ರದಲ್ಲಿ ದಿನವೂ ತಪ್ಪದೆ ನಡೆದಿತ್ತು. ಹೊಸ ಪ್ರತಿ ಬರಲಿಲ್ಲ, ಹಳೆಯವು ಒಂದೊಂದಾಗಿ ಹೋದವು, ನಾನು ನೋಡಿದ ದಿನ ಸಂಗ್ರಹದಲ್ಲಿ ಆ ಸಂಘದ ಹೆಸರಿನ ಖಾಲಿ ಫೋಲ್ಡರ್ ಮಾತ್ರ ಇತ್ತು.

ತಾಂತ್ರಿಕ ಕೆಲಸದವರಲ್ಲದ ಆಡಳಿತ ಮಂಡಳಿಯ ಸದಸ್ಯರೂ ಈ ಪತ್ರವನ್ನು ಓದಬೇಕೆಂಬ ಆಸೆಯಿಂದ ಈ ದೋಷದ ಮೂಲವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಐನೂರು ಜನರ ಮದುವೆಗೆ ಬೇಕಾಗುವ ಕೊಪ್ಪರಿಗೆ, ಹಂಡೆಗಳನ್ನು ಪ್ರತಿ ಮನೆಯವರೂ ಕೊಂಡಿಡುವುದಿಲ್ಲ. ಸಮಾಜದ ಕಟ್ಟಡದಲ್ಲಿರುವ ಪಾತ್ರೆಗಳನ್ನೇ ಎಲ್ಲರೂ ಬಳಸುತ್ತಾರೆ. ಕಂಪ್ಯೂಟರಿನಲ್ಲಿಯೂ ಕಡತ ತೆರೆಯುವುದು, ಸ್ಮೃತಿಯಲ್ಲಿ ನಕಲು ಮಾಡುವುದು, ಜಾಲಕ್ಕೆ ಸಂಪರ್ಕಿಸುವುದು ಮೊದಲಾದ ಸಾಮಾನ್ಯ ಕೆಲಸಗಳ ಸರಂಜಾಮನ್ನು ಪ್ರತಿ ಪ್ರೋಗ್ರಾಮೂ ಹೊತ್ತು ತರುವುದಿಲ್ಲ. ಅವು ಹಂಚಿಕೆಯ ಲೈಬ್ರರಿಗಳೆಂಬ ಸಾಮಾನ್ಯ ಉಗ್ರಾಣದಲ್ಲಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಮೂಲವಾದದ್ದು ಜಿಲಿಬ್‌ಸಿ, ಲಿನಕ್ಸಿನ ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಆತುಕೊಂಡಿರುವ ಸಿ ಲೈಬ್ರರಿ. ಅಡುಗೆಯವರು ಉಗ್ರಾಣದಲ್ಲಿಲ್ಲದ ಪಾತ್ರೆಯನ್ನು ನಂಬಿಕೊಂಡು ಬಂದರೆ ಒಲೆ ಹೊತ್ತುವುದಿಲ್ಲ. ನಡೆದದ್ದು ಅದೇ.

ಈ ಲೈಬ್ರರಿಯ ಒಳಗಿನ ಪ್ರತಿಯೊಂದು ಸೌಲಭ್ಯಕ್ಕೂ ಆವೃತ್ತಿಯ ಮುದ್ರೆಯಿರುತ್ತದೆ. ಸೆಂಟ್‌ಓಎಸ್ 6ರಲ್ಲಿರುವುದು ಜಿಲಿಬ್‌ಸಿ 2.12. ಸೆಂಟ್‌ಓಎಸ್ 7ರಲ್ಲಿ 2.17, 8ರಲ್ಲಿ 2.28. ಸ್ಮೃತಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲು ಮಾಡುವ ‘ಮೆಮ್‌ಕಾಪಿ’ ಎಂಬ ತೀರ ಸಾಮಾನ್ಯ ಸೌಲಭ್ಯ, 64 ಬಿಟ್‌ನ ಇಂಟೆಲ್ ಮಾದರಿಯ ಯಂತ್ರಗಳಲ್ಲಿ, 2011ರಲ್ಲಿ ಬಂದ 2.14ನೇ ಆವೃತ್ತಿಯಲ್ಲಿ ಹೊಸ ಮುದ್ರೆ ಪಡೆಯಿತು. ಅದನ್ನು ವೇಗಗೊಳಿಸಿದಾಗ ಕೆಲವು ಹಳೆಯ ಪ್ರೋಗ್ರಾಮುಗಳು ಕೆಟ್ಟಿದ್ದರಿಂದ, ಹಳೆಯವುಗಳಿಗೆ ಹಳೆಯ ನಡೆಯನ್ನೇ ಹಳೆಯ ಮುದ್ರೆಯಡಿ ಉಳಿಸಿ, ಹೊಸದಾಗಿ ಕಟ್ಟುವವಕ್ಕೆ ಹೊಸ ಮುದ್ರೆಯನ್ನು ಕೊಟ್ಟರು. ಹೀಗಾಗಿ 2.14 ಅಥವಾ ಅದರ ನಂತರದ ಜಿಲಿಬ್‌ಸಿ ಇರುವ ಯಂತ್ರದಲ್ಲಿ ಕಟ್ಟಿದ ಪ್ರೋಗ್ರಾಮು ಈ ಒಂದು ಸಣ್ಣ ಸೌಲಭ್ಯವನ್ನು ಬಳಸಿದರೂ ಸಾಕು, 2.12 ಇರುವ ಯಂತ್ರದಲ್ಲಿ ಏಳುವುದೇ ಇಲ್ಲ. ಹಳೆಯ ಯಂತ್ರದಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆಂಬ ಖಾತರಿ ಇಲ್ಲ. ಸಾಫ್ಟ್‌ವೇರ್ ಕಟ್ಟುವ ಕಂಪನಿಗಳು ಇದನ್ನು ಚೆನ್ನಾಗಿ ಬಲ್ಲವು. ಅದಕ್ಕಾಗಿಯೇ ಬೋರ್ಗ್‌ನಂತಹ ಬ್ಯಾಕಪ್ ಯೋಜನೆಯವರು ಬೇರೆ ಬೇರೆ ಜಿಲಿಬ್‌ಸಿ ಆವೃತ್ತಿಗೆ ಬೇರೆ ಬೇರೆ ಕಡತಗಳನ್ನು, ಹೆಸರಿನಲ್ಲಿಯೇ ಆ ಸಂಖ್ಯೆಯನ್ನು ಸೇರಿಸಿ, ಬಿಡುಗಡೆ ಮಾಡುತ್ತಾರೆ.

ಇನ್ನು ಆ ಮಧ್ಯಾಹ್ನದ ಉಳಿದ ಕಥೆ. ದೋಷದ ವಿಷಯ ಕಾರ್ಯದರ್ಶಿಯವರಿಗೆ ತಿಳಿಸಿ, ಮರುದಿನ ಬೆಳಿಗ್ಗೆ ಹೊಸ ಹಾರ್ಡ್ ಡಿಸ್ಕ್ ತರುತ್ತೇನೆಂದು ಹೇಳಿ ನಾನು ನಾಪೋಕ್ಲಿಗೆ ಹಿಂದಿರುಗಿದೆ. ಆಗಲೇ ಒಂದು ಪ್ರತಿಯನ್ನು ತೆಗೆದಿಟ್ಟು ಬರಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ. ಸಂಜೆ ಐದರ ಹೊತ್ತಿಗೆ ಕಂಪನಿಯ ಕಡೆಯಿಂದ ದುರಸ್ತಿಗೆ ಬಂದ ಯುವಕ, ‘2.14 ಸಿಗಲಿಲ್ಲ’ ಎಂದರೆ ಅದನ್ನು ತಂದು ಹಾಕಿದರಾಯಿತು ಎಂದು ಭಾವಿಸಿ, ಸೆಂಟ್‌ಓಎಸ್ 7ರ ಯಂತ್ರದಿಂದ 2.17ರ ಲೈಬ್ರರಿ ಕಡತವನ್ನು ತಂದು ಹಳೆಯದರ ಪಕ್ಕದಲ್ಲಿ ಇಟ್ಟು, ವ್ಯವಸ್ಥೆ ನೋಡುವ ಕೊಂಡಿಯನ್ನು ಹೊಸದರ ಕಡೆಗೆ ತಿರುಗಿಸಿದ. ಮರುಕ್ಷಣದಿಂದ ಯಾವ ಆಜ್ಞೆಯೂ ನಡೆಯಲಿಲ್ಲ. ಕಡತಗಳ ಪಟ್ಟಿ ನೋಡಲಾಗದು, ನಕಲು ಮಾಡಲಾಗದು, ಕೊಂಡಿಯನ್ನು ಹಿಂದಿನಂತೆ ತಿರುಗಿಸಲೂ ಆಗದು. ಏಕೆಂದರೆ ತಿರುಗಿಸುವ ಆಜ್ಞೆಯೂ ಅದೇ ಲೈಬ್ರರಿಯನ್ನೇ ಆತುಕೊಂಡಿದೆ. ಹೊಸ ಜಿಲಿಬ್‌ಸಿಗೆ ಅದರದೇ ಜೋಡಿಯಾದ ಹೊಸ ಲೋಡರ್ (ಪ್ರೋಗ್ರಾಮನ್ನು ಲೈಬ್ರರಿಗಳೊಂದಿಗೆ ಜೋಡಿಸಿ ಎಬ್ಬಿಸುವ ಭಾಗ) ಬೇಕು; ಹಳೆಯ ಲೋಡರಿನೊಂದಿಗೆ ಅದು ಕೂಡುವುದಿಲ್ಲ. ಈ ಒಂದು ಅಂಶ ಗೊತ್ತಿಲ್ಲದೆ ಎಷ್ಟೋ ಕಡೆ ಎಷ್ಟೋ ಸರ್ವರುಗಳು ಹೀಗೆಯೇ ಮಲಗಿವೆ.

ಆತ ನನಗೆ ಫೋನ್ ಮಾಡಿದಾಗ ಹೊರಗೆ ಜೋರು ಮಳೆ. ಊರಿನಲ್ಲಿ ಕರೆಂಟು ಹೋಗಿ ಆಗಲೇ ಹದಿನೈದು ನಿಮಿಷವಾಗಿತ್ತು, ಸರ್ವರ್ ಯುಪಿಎಸ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ‘ಸಾರ್, ರೀಸ್ಟಾರ್ಟ್ ಮಾಡಿಬಿಡಲಾ?’ ಎಂದು ಕೇಳಿದ. ‘ಬೇಡ ಮಗಾ, ಆ ಕಿಟಕಿಯನ್ನು ಮುಚ್ಚಬೇಡ, ಅದೊಂದೇ ಈಗ ನಮಗಿರುವ ಬಾಗಿಲು’ ಎಂದೆ. ಮುಂಚೆಯೇ ತೆರೆದಿದ್ದ ಆ ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ಹಳೆಯ ಲೈಬ್ರರಿಯನ್ನು ಸ್ಮೃತಿಯಲ್ಲಿ ಇಟ್ಟುಕೊಂಡೇ ಬದುಕಿತ್ತು. ಅದನ್ನು ಮುಚ್ಚಿದರೆ ಮತ್ತೆ ಒಳಗೆ ಹೋಗುವುದು ಆಗದು. ಯಂತ್ರ ಆರಿದರೆ ರಕ್ಷಣಾ ಡಿಸ್ಕ್ ಹಾಕಿ ಎಬ್ಬಿಸಬೇಕು, ಆ ಡಿಸ್ಕ್ ಅಲ್ಲಿರಲಿಲ್ಲ, ಆ ಯಂತ್ರದ ಡಿವಿಡಿ ಡ್ರೈವ್ ಕೆಟ್ಟು ವರ್ಷವಾಗಿತ್ತು.

ಪುಣ್ಯಕ್ಕೆ ಜಿಲಿಬ್‌ಸಿಯನ್ನು ರೂಪಿಸಿದವರು ಇಂತಹ ಸಂಕಟವನ್ನು ಮುಂಗಂಡಿದ್ದಾರೆ. ಎಸ್‌ಬಿನ್ ಫೋಲ್ಡರಿನಲ್ಲಿ ‘ಎಸ್‌ಎಲ್‌ಎನ್’ ಎಂಬ ಒಂದು ಪುಟ್ಟ ಪ್ರೋಗ್ರಾಮಿದೆ. ಕೊಂಡಿ ಹಾಕುವುದೊಂದೇ ಅದರ ಕೆಲಸ. ಅದು ಹಂಚಿಕೆಯ ಲೈಬ್ರರಿಯನ್ನು ನಂಬದೆ, ಬೇಕಾದದ್ದನ್ನೆಲ್ಲ ತನ್ನೊಳಗೇ ಹೊತ್ತುಕೊಂಡಿರುತ್ತದೆ. ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಫೋನಿನಲ್ಲಿ ಹೇಳಿದೆ. ಮಧ್ಯೆ ಎರಡು ಸಲ ಸಿಗ್ನಲ್ ಕಡಿಯಿತು. ಆತ ಬರೆದುಕೊಂಡು, ನನಗೆ ಓದಿ ಹೇಳಿ, ಆಮೇಲೆ ಒತ್ತಿದ. ಕೊಂಡಿ 2.12ಕ್ಕೆ ಮರಳಿತು. ಕಡತಗಳ ಪಟ್ಟಿ ಪರದೆಯ ಮೇಲೆ ಬಂದಾಗ ಆ ಹುಡುಗನ ದನಿ ನಡುಗುತ್ತಿತ್ತು. ಆತ ಹಳೆಯ ಕಡತವನ್ನು ಅಳಿಸದೆ ಪಕ್ಕದಲ್ಲಿ ಉಳಿಸಿದ್ದರಿಂದ ಇದು ಸಾಧ್ಯವಾಯಿತು. ಹೊಸದನ್ನು ಹಳೆಯದರ ಮೇಲೆಯೇ ನಕಲು ಮಾಡಿದ್ದರೆ ತೆರೆದ ಟರ್ಮಿನಲ್ಲೂ ಆ ಕ್ಷಣವೇ ಬೀಳುತ್ತಿತ್ತು.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ವಿನಂತಿ ಇದು: ಹಳೆಯ ಸರ್ವರಿನ ಜಿಲಿಬ್‌ಸಿಯನ್ನು ಬದಲಿಸಲು ಯಾರಿಗೂ ಅವಕಾಶ ಕೊಡಬೇಡಿ. ಹೊಸ ಬ್ಯಾಕಪ್ ಸಾಫ್ಟ್‌ವೇರಿಗಾಗಿ ಹಳೆಯ ಯಂತ್ರದ ಬುನಾದಿಯನ್ನು ಅಗೆಯುವುದಕ್ಕಿಂತ, ಹಳೆಯ ಯಂತ್ರ ಬಲ್ಲ ಭಾಷೆಯಲ್ಲಿಯೇ ದತ್ತಾಂಶವನ್ನು ಹೊರಗೆ ತಂದು, ಹೊಸ ಸಾಫ್ಟ್‌ವೇರನ್ನು ಹೊರಗಿನ ಹೊಸ ಯಂತ್ರದಲ್ಲಿ ಓಡಿಸುವುದೇ ಸರಿಯಾದ ದಾರಿ.

ನಾವು ಮರುದಿನ ಮಾಡಿದ್ದೂ ಅದನ್ನೇ. ಸರ್ವರಿನಲ್ಲಿ ಮೊದಲಿನಿಂದ ಇರುವ ದತ್ತಸಂಚಯದ ಉಪಕರಣದಿಂದಲೇ ಇಡೀ ದತ್ತಾಂಶವನ್ನು ಒಂದು ಪಠ್ಯ ಕಡತವಾಗಿ ಇಳಿಸಿದೆವು. ಓಡುತ್ತಿರುವ ದತ್ತಸಂಚಯದ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ಅರ್ಧ ಬರೆದ ನಮೂದುಗಳು ಸೇರಿ ಪ್ರತಿ ನಿರುಪಯುಕ್ತವಾಗಬಹುದು; ಆದ್ದರಿಂದ ಇಳಿಸುವ ಹಂತವನ್ನು ಬಿಡುವಂತಿಲ್ಲ. ಆ ಬಳಿಕ ಪಕ್ಕದಲ್ಲಿಟ್ಟ ಹೊಸ ಯಂತ್ರದಿಂದ ಆರ್‌ಸಿಂಕ್ ಮೂಲಕ ಅದನ್ನೂ ಸ್ಕ್ಯಾನ್ ಪ್ರತಿಗಳನ್ನೂ ಎಳೆದುಕೊಂಡೆವು. ಆರ್‌ಸಿಂಕ್ 1996ರಿಂದ ಇರುವ, ಯಂತ್ರಗಳ ನಡುವೆ ಕಡತಗಳನ್ನು ನಕಲು ಮಾಡುವ ಸಾಧನ. ಎರಡು ಬದಿಗಳಲ್ಲಿ ಬೇರೆ ಬೇರೆ ಆವೃತ್ತಿಗಳಿದ್ದರೂ ಅವು ಮೊದಲು ಮಾತಾಡಿಕೊಂಡು ಇಬ್ಬರಿಗೂ ತಿಳಿದ ನಿಯಮಾವಳಿಗೆ ಒಪ್ಪಿಕೊಳ್ಳುತ್ತವೆ. ಹಳೆಯ ಯಂತ್ರಗಳಿಗೆ ಇದಕ್ಕಿಂತ ನಂಬಿಕಸ್ಥ ಸಂಗಾತಿಯನ್ನು ನಾನು ಕಂಡಿಲ್ಲ.

ಇಲ್ಲಿಯೂ ಒಂದು ತೊಡಕು ಎದುರಾಯಿತು, ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಬಹುದೆಂದು ಬರೆಯುತ್ತೇನೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಸಾಧನ ಓಪನ್‌ಎಸ್‌ಎಸ್‌ಎಚ್; ಸೆಂಟ್‌ಓಎಸ್ 6ರಲ್ಲಿರುವುದು ಅದರ 5.3ನೇ ಆವೃತ್ತಿ. ಅದು ತನ್ನ ಗುರುತನ್ನು ಎಸ್‌ಎಚ್‌ಎ-1 ಆಧಾರಿತ ಹಳೆಯ ಆರ್‌ಎಸ್‌ಎ ಸಹಿಯಿಂದ ತೋರಿಸುತ್ತದೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8ರಿಂದ ಈಚೆಗೆ ಹೊಸ ಯಂತ್ರಗಳು ಆ ಸಹಿಯನ್ನು ತಾವಾಗಿ ಒಪ್ಪುವುದಿಲ್ಲ, ಸಂಪರ್ಕವೇ ಆಗುವುದಿಲ್ಲ. ಹೊಸ ಯಂತ್ರದ ಸಂರಚನಾ ಕಡತದಲ್ಲಿ ಆ ಒಂದು ಹಳೆಯ ಸರ್ವರಿನ ಹೆಸರಿನ ಕೆಳಗೆ ಮಾತ್ರ ಹಳೆಯ ಸಹಿಗೆ ಒಪ್ಪಿಗೆ ಕೊಡಬೇಕು. ಎಲ್ಲ ಯಂತ್ರಗಳಿಗೂ ಅನ್ವಯವಾಗುವಂತೆ ಕೊಟ್ಟರೆ ಭದ್ರತೆ ಸಡಿಲವಾಗುತ್ತದೆ. ಹಳೆಯ ಯಂತ್ರವನ್ನು ಹೊರಗಿನ ಇಂಟರ್‌ನೆಟ್‌ನಿಂದ ಬೇರ್ಪಡಿಸಿ ಹೊಸದಕ್ಕೆ ಮಾತ್ರ ಒಂದು ಕೇಬಲ್‌ನಿಂದ ಜೋಡಿಸಿದರೆ ಇನ್ನೂ ಒಳ್ಳೆಯದು. ಸೆಂಟ್‌ಓಎಸ್ 6ಕ್ಕೆ 2020ರ ನವೆಂಬರ್ 30ಕ್ಕೆ, 7ಕ್ಕೆ 2024ರ ಜೂನ್ 30ಕ್ಕೆ ಭದ್ರತಾ ಪರಿಷ್ಕರಣೆಗಳು ನಿಂತಿವೆ ಎಂಬುದನ್ನು ಮರೆಯದೆ, ಇಂತಹ ಯಂತ್ರಗಳನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬಾರದು.

ಹಳೆಯ ಯಂತ್ರದ ಒಳಗೇ ಬ್ಯಾಕಪ್ ಪ್ರೋಗ್ರಾಮು ಓಡಬೇಕಾದ ಅನಿವಾರ್ಯತೆ ಕೆಲವರಿಗೆ ಇರಬಹುದು. ಆಗ ಮೊದಲು ಕೇಳಬೇಕಾದದ್ದು ಕಂಪನಿಯನ್ನು: ಈ ವ್ಯವಸ್ಥೆಗೆಂದು ಕಟ್ಟಿದ ಹಳೆಯ ಆವೃತ್ತಿ ನಿಮ್ಮಲ್ಲಿದೆಯೇ, ಅದು ನಿಮ್ಮ ಹೊಸ ಕೇಂದ್ರದೊಂದಿಗೆ ಮಾತಾಡುತ್ತದೆಯೇ? ಬಕುಲಾದಂತಹ ಮುಕ್ತ ಸಾಫ್ಟ್‌ವೇರಿನಲ್ಲಿ ಗ್ರಾಹಕ ಯಂತ್ರದ ಭಾಗ ಕೇಂದ್ರದ ಭಾಗಕ್ಕಿಂತ ಹಳೆಯದಾಗಿರಬಹುದು, ತದ್ವಿರುದ್ಧ ಸಲ್ಲದು ಎಂಬ ನಿಯಮವೇ ಇದೆ. ಎಲ್ಲ ಕಂಪನಿಗಳೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ, ಆದ್ದರಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಬೇಕಾದದ್ದನ್ನೆಲ್ಲ ತನ್ನೊಳಗೇ ಕಟ್ಟಿಕೊಂಡು ಬರುವ, ಅಂದರೆ ಪಾತ್ರೆ ಪರಡಿಯನ್ನು ತಾವೇ ಹೊತ್ತು ತರುವ ಅಡುಗೆಯವರಂತಹ ರೆಸ್ಟಿಕ್, ಆರ್‌ಕ್ಲೋನ್ ಮೊದಲಾದವು ಜಿಲಿಬ್‌ಸಿಯ ಗೊಡವೆಯಿಲ್ಲದೆ ಓಡುತ್ತವೆ. ಆದರೆ ಅವಕ್ಕೂ ಮಿತಿಯಿದೆ. ಅವು ಗೋ ಎಂಬ ಭಾಷೆಯಲ್ಲಿ ಬರೆದವು. 2025ರಲ್ಲಿ ಬಂದ ಗೋ 1.24 ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) 3.2 ಅಥವಾ ಅದಕ್ಕಿಂತ ಹೊಸದನ್ನು ಬೇಡುತ್ತದೆ, ಸೆಂಟ್‌ಓಎಸ್ 6ರಲ್ಲಿರುವುದು 2.6.32. ಹಾಗಾಗಿ ಆ ಸಾಧನಗಳ ತೀರ ಹೊಸ ಆವೃತ್ತಿಯನ್ನು ಕಣ್ಣು ಮುಚ್ಚಿ ಇಳಿಸಿಕೊಳ್ಳದೆ, ಕೆಲಸ ಮಾಡುವ ಹಳೆಯದೊಂದನ್ನು ಪರೀಕ್ಷಿಸಿ ಜೋಪಾನವಾಗಿ ತೆಗೆದಿಡಬೇಕು.

ದೋಷಗಳ ಪರಿಶೀಲನೆಯ ಬಗ್ಗೆಯೂ ಒಂದೆರಡು ಮಾತು. ಎಲ್‌ಡಿಡಿ ಎಂಬ ಆಜ್ಞೆ ಒಂದು ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳ ಪಟ್ಟಿಯನ್ನೂ ಅವುಗಳಲ್ಲಿ ಯಾವುದು ಸಿಗುತ್ತಿಲ್ಲ ಎಂಬುದನ್ನೂ ತೋರಿಸುತ್ತದೆ. ನಂಬಿಕೆಯಿಲ್ಲದ ಕಡತದ ಮೇಲೆ ಅದನ್ನು ಬಳಸದೆ, ಕಡತವನ್ನು ಓಡಿಸದೆಯೇ ಅದರ ಒಳಗನ್ನು ತೋರಿಸುವ ರೀಡ್‌ಎಲ್ಫ್ ಅಥವಾ ಆಬ್ಜ್‌ಡಂಪ್‌ನಿಂದ ನೋಡುವುದು ಕ್ಷೇಮ. ಜಿಲಿಬ್‌ಸಿಯ ಹೊರತಾದ ಲೈಬ್ರರಿಗಳು ಕಾಣೆಯಾಗಿದ್ದರೆ ದಾರಿ ಇಷ್ಟು ಕಠಿಣವಲ್ಲ. ಅನೇಕ ಹಳೆಯ ಪ್ಯಾಕೇಜುಗಳು ಆಯಾ ವ್ಯವಸ್ಥೆಯ ಹಳೆಯ ಭಂಡಾರದಲ್ಲಿಯೇ ಸಿಗುತ್ತವೆ. ಸೆಂಟ್‌ಓಎಸ್‌ನ ಹಳೆಯ ಆವೃತ್ತಿಗಳನ್ನೆಲ್ಲ ‘ವಾಲ್ಟ್’ ಎಂಬ ಭಂಡಾರದಲ್ಲಿ ಇಟ್ಟಿದ್ದಾರೆ. ಅಂತರಜಾಲದಲ್ಲಿ ಸಿಕ್ಕ ಎಲ್ಲಿಯದೋ ಕಡತವನ್ನು ತಂದು ಹಾಕಬಾರದು. ಬ್ಯಾಕಪ್ ಪ್ರೋಗ್ರಾಮಿಗೆ ಮಾತ್ರ ಬೇಕಾದ, ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನಂತಹ ಲೈಬ್ರರಿಯನ್ನು ಅದರದೇ ಫೋಲ್ಡರಿನಲ್ಲಿಟ್ಟು, ಆ ಪ್ರೋಗ್ರಾಮನ್ನು ಎಬ್ಬಿಸುವ ಸಣ್ಣ ಸ್ಕ್ರಿಪ್ಟಿನಲ್ಲಿ ಮಾತ್ರ ‘ಎಲ್‌ಡಿ ಲೈಬ್ರರಿ ಪಾತ್’ (ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂಬ ಸೂಚನೆ) ಹೇಳಿದರೆ ಉಳಿದ ಪ್ರೋಗ್ರಾಮುಗಳಿಗೆ ತೊಂದರೆಯಾಗದು. ಅದನ್ನೇ ಇಡೀ ವ್ಯವಸ್ಥೆಗೆ ಅನ್ವಯವಾಗುವಂತೆ ಬರೆದಿಟ್ಟು, ಬ್ಯಾಕಪ್ ಸರಿಹೋಗಿ ದತ್ತಸಂಚಯ ನಿಂತುಹೋದದ್ದನ್ನು ಸೋಮವಾರಪೇಟೆಯ ಕಡೆಯ ಒಂದು ಕಚೇರಿಯಲ್ಲಿ ನಾನು ನೋಡಿದ್ದೇನೆ.

ಇನ್ನೊಂದು ದೋಷ ಅನುಭವಿಗಳನ್ನೂ ಗೊಂದಲಗೊಳಿಸುತ್ತದೆ. 64 ಬಿಟ್‌ನ ಸರ್ವರಿನಲ್ಲಿ 32 ಬಿಟ್‌ನ ಹಳೆಯ ಬ್ಯಾಕಪ್ ಪ್ರೋಗ್ರಾಮನ್ನು ಓಡಿಸಿದಾಗ, ಕಡತ ಕಣ್ಣೆದುರೇ ಇದ್ದರೂ ‘ಅಂತಹ ಕಡತವಿಲ್ಲ’ ಎಂಬ ಉತ್ತರ ಬರುತ್ತದೆ. ಇಲ್ಲದಿರುವುದು ಆ ಪ್ರೋಗ್ರಾಮಲ್ಲ, ಅದನ್ನು ಎಬ್ಬಿಸಬೇಕಾದ 32 ಬಿಟ್‌ನ ಲೋಡರ್. ವ್ಯವಸ್ಥೆಯ ಭಂಡಾರದಿಂದಲೇ 32 ಬಿಟ್‌ನ ಜಿಲಿಬ್‌ಸಿ ಪ್ಯಾಕೇಜನ್ನು, ಈಗಿರುವ ಆವೃತ್ತಿಗೆ ಸರಿಸಮನಾದದ್ದನ್ನು, ಸೇರಿಸಿದರೆ ಇದು ಬಗೆಹರಿಯುತ್ತದೆ. ಹಾಗೆಯೇ, ಎಲ್ಲ ಲೈಬ್ರರಿಗಳೂ ಸರಿಯಾಗಿದ್ದು ಪ್ರೋಗ್ರಾಮು ಎದ್ದರೂ ಪ್ರತಿ ಹೊರಗೆ ಹೋಗದಿರಬಹುದು. ಸೆಂಟ್‌ಓಎಸ್ 5ರಲ್ಲಿರುವ ಓಪನ್‌ಎಸ್‌ಎಸ್‌ಎಲ್ 0.9.8ಕ್ಕೆ ಇಂದಿನ ಕ್ಲೌಡ್ ಸೇವೆಗಳು ಕೇಳುವ, ಸುರಕ್ಷಿತ ಸಂಪರ್ಕದ ನಿಯಮಾವಳಿಯಾದ ಟಿಎಲ್‌ಎಸ್ 1.2 ಗೊತ್ತೇ ಇಲ್ಲ. 2021ರ ಸೆಪ್ಟೆಂಬರ್ 30ರಂದು ಜಾಲತಾಣಗಳ ಗುರುತನ್ನು ಖಾತರಿಪಡಿಸುವ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕಿಂತ ಹಳೆಯದಿರುವ ಎಷ್ಟೋ ಯಂತ್ರಗಳು ಹಿಂದಿನ ದಿನದವರೆಗೆ ತಲುಪುತ್ತಿದ್ದ ತಾಣಗಳಿಗೆ ತಲುಪಲಾರದೆ ಹೋದವು.

ಹಣಕಾಸಿನ ಅನುಕೂಲವಿರುವ ಸಂಘಗಳಿಗೆ ಇನ್ನೊಂದು ದಾರಿಯಿದೆ. ಹಳೆಯ ಸರ್ವರಿನ ಇಡೀ ಡಿಸ್ಕಿನ ಬಿಂಬವನ್ನು ತೆಗೆದು, ಅದನ್ನು ಹೊಸ ಯಂತ್ರದೊಳಗೆ ವರ್ಚುವಲ್ ಸರ್ವರಾಗಿ, ಅಂದರೆ ಯಂತ್ರದೊಳಗಿನ ಯಂತ್ರವಾಗಿ, ಓಡಿಸುವುದು. ಆಗ ಹೊರಗಿನ ಯಂತ್ರವೇ ಇಡೀ ಬಿಂಬದ ಪ್ರತಿ ತೆಗೆಯುತ್ತದೆ, ಒಳಗೆ ಯಾವ ಬ್ಯಾಕಪ್ ಪ್ರೋಗ್ರಾಮೂ ಬೇಡ, ಲೈಬ್ರರಿಯ ಪ್ರಶ್ನೆಯೂ ಏಳುವುದಿಲ್ಲ. ಹನ್ನೆರಡು ವರ್ಷ ಓಡಿದ ಡಿಸ್ಕಿನ ಮೇಲಿನ ಭಾರವೂ ಇಳಿಯುತ್ತದೆ. ದತ್ತಸಂಚಯವನ್ನು ಇಳಿಸಿಡುವ ಕೆಲಸವನ್ನು ಮಾತ್ರ ಆಗಲೂ ನಿಲ್ಲಿಸಬಾರದು.

ಪ್ರತಿಯನ್ನು ಎಲ್ಲಿ ಇಡಬೇಕೆಂಬುದು ನಮ್ಮ ಜಿಲ್ಲೆಯ ಮಟ್ಟಿಗೆ ಪ್ರತ್ಯೇಕವಾಗಿ ಯೋಚಿಸಬೇಕಾದ ವಿಷಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ರೂಢಿ. ಆದರೆ ಕೊಡಗಿನಲ್ಲಿ ‘ಬೇರೆ ಊರು’ ಎಂದರೆ ಎಷ್ಟು ದೂರ ಎಂಬುದನ್ನು 2018ರ ಆಗಸ್ಟ್ ನಮಗೆ ತೋರಿಸಿದೆ. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟಗಳು ಕುಸಿದ ದಿನಗಳಲ್ಲಿಯೇ ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಮರುವರ್ಷ ತೋರದಲ್ಲಿ ಬೆಟ್ಟ ಕುಸಿದಾಗ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳು ಹೊಳೆಯ ಪಾಲಾಗಿದ್ದವು. ಮಡಿಕೇರಿಯ ಕಚೇರಿಯ ಪ್ರತಿಯನ್ನು ಕುಶಾಲನಗರದ ನೆಲಮಹಡಿಯಲ್ಲಿ ಇಟ್ಟರೆ ಒಂದೇ ವಾರದಲ್ಲಿ ಎರಡೂ ಹೋಗಬಹುದು. ಒಂದು ಪ್ರತಿಯಾದರೂ ಮೈಸೂರಿನಲ್ಲಿ ಅಥವಾ ಕ್ಲೌಡ್‌ನಲ್ಲಿ, ಬೀಗದ ಸಂಕೇತದೊಂದಿಗೆ ಇರಲಿ. ಆ ಸಂಕೇತ ಒಬ್ಬರ ತಲೆಯಲ್ಲಿ ಮಾತ್ರ ಇರದೆ, ಮುಚ್ಚಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲೂ ಇರಲಿ.

ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವಾಗ, ನಮ್ಮ ಸರ್ವರಿನ ವ್ಯವಸ್ಥೆ ಮತ್ತು ಜಿಲಿಬ್‌ಸಿಯ ಆವೃತ್ತಿ ಇಂತಿಷ್ಟು, ನಮ್ಮನ್ನು ಕೇಳದೆ ಬ್ಯಾಕಪ್ ಸಾಫ್ಟ್‌ವೇರನ್ನು ಮೇಲ್ದರ್ಜೆಗೇರಿಸಬಾರದು ಎಂಬ ಒಂದು ಸಾಲನ್ನು ಸೇರಿಸಿ. ಬ್ಯಾಕಪ್ ತಪ್ಪಿದರೆ ಮಾತ್ರ ಸುದ್ದಿ ಬರುವ ವ್ಯವಸ್ಥೆಯನ್ನು ನಂಬದೆ, ಪ್ರತಿ ಬೆಳಿಗ್ಗೆ ‘ನಿನ್ನೆಯ ಪ್ರತಿ ಬಂದಿದೆ, ಗಾತ್ರ ಇಷ್ಟು’ ಎಂಬ ಸಂದೇಶ ಕಾರ್ಯದರ್ಶಿಯವರ ಫೋನಿಗೆ ಬರುವಂತೆ ಮಾಡಿಸಿ. ಸಂದೇಶ ಬಾರದ ದಿನ ವಿಚಾರಿಸಿ. ಹೊಸ ಪ್ರತಿ ಬಾರದಿದ್ದರೆ ಹಳೆಯದನ್ನು ಅಳಿಸಬಾರದೆಂಬ ನಿಯಮವನ್ನೂ ಹಾಕಿಸಿ. ಮತ್ತು ಜೂನ್ ಬರುವ ಮೊದಲು ಒಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ನಿಜವಾಗಿ ತೆರೆದು ತೋರಿಸಲು ಹೇಳಿ. ಇದಕ್ಕೆ ಅರ್ಧ ದಿನ ಸಾಕು. ಸಹಕಾರ ಇಲಾಖೆಯ ಜಿಲ್ಲಾ ಅಧಿಕಾರಿಗಳು ಲೆಕ್ಕಪರಿಶೋಧನೆಯ ನಮೂನೆಯಲ್ಲಿ ‘ಬ್ಯಾಕಪ್ ಇದೆಯೇ’ ಎಂಬ ಪ್ರಶ್ನೆಯ ಜೊತೆ ‘ಕೊನೆಯ ಬಾರಿ ತೆರೆದು ನೋಡಿದ ದಿನಾಂಕ’ ಎಂಬ ಅಂಕಣವನ್ನೂ ಸೇರಿಸಿದರೆ ಬಹಳ ಉಪಕಾರವಾಗುತ್ತದೆ.

ಸಾಫ್ಟ್‌ವೇರ್ ಪೂರೈಸುವವರಲ್ಲಿಯೂ ಒಂದು ಮನವಿ. ಹೊಸ ಆವೃತ್ತಿಯನ್ನು ಕೂರಿಸುವ ಮೊದಲು ಯಂತ್ರದ ಜಿಲಿಬ್‌ಸಿಯನ್ನು ನೋಡುವುದು ಕೆಲವೇ ಸಾಲುಗಳ ಕೆಲಸ. ಹೊಂದದಿದ್ದರೆ ಹಳೆಯದನ್ನು ಹಾಗೆಯೇ ಬಿಟ್ಟು ಗ್ರಾಹಕರಿಗೆ ತಿಳಿಸಿ. ದುರಸ್ತಿಗೆ ಕಳುಹಿಸುವ ಹುಡುಗರಿಗೆ, ಕೈ ಹಾಕುವ ಮೊದಲು ದತ್ತಾಂಶದ ಒಂದು ಪ್ರತಿಯನ್ನು ಹೊರಗೆ ತೆಗೆಯಬೇಕೆಂದು ಕಲಿಸಿ. ಅಂದು ಸಂಜೆ ಆ ಯುವಕ ಎದುರಿಸಿದ ಆತಂಕವನ್ನು ಇನ್ನೊಬ್ಬರ ಮಗ ಎದುರಿಸದಿರಲಿ.

ಆ ಸಂಘದ ಹಳೆಯ ಸರ್ವರ್ ಈಗಲೂ ಓಡುತ್ತಿದೆ, ಅದರೊಳಗೆ ಯಾವ ಹೊಸ ಲೈಬ್ರರಿಯೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಅದು ದತ್ತಸಂಚಯವನ್ನು ಇಳಿಸಿಡುತ್ತದೆ, ಹನ್ನೊಂದೂವರೆಗೆ ಪಕ್ಕದ ಹೊಸ ಯಂತ್ರ ಅದನ್ನು ಎಳೆದುಕೊಂಡು ಮೈಸೂರಿಗೆ ಕಳುಹಿಸುತ್ತದೆ. ಕಳೆದ ಶನಿವಾರ ಮೈಸೂರಿನ ಪ್ರತಿಯನ್ನು ಬೇರೊಂದು ಲ್ಯಾಪ್‌ಟಾಪಿನಲ್ಲಿ ತೆರೆದು, 2014ರ ಒಂದು ಬೆಳೆಸಾಲದ ಖಾತೆಯನ್ನು ಕಪಾಟಿನಲ್ಲಿದ್ದ ಕಾಗದದ ಲೆಡ್ಜರಿನ ಪುಟದೊಂದಿಗೆ ತಾಳೆ ನೋಡಿದೆವು. ಅಸಲು, ಬಡ್ಡಿ, ಕಟ್ಟಿದ ದಿನಾಂಕ ಎಲ್ಲವೂ ಪೈಸೆಯವರೆಗೆ ಸರಿಹೊಂದಿದವು. ಮುಂದಿನ ಪರೀಕ್ಷೆ ಕೈಲ್‌ಪೊಳ್ದ್ ಹಬ್ಬ ಮುಗಿದ ಮರುವಾರ ಎಂದು ಕಾರ್ಯದರ್ಶಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸರ್ವರ್ ನಿರ್ವಾಹಕ,
ನಾಪೋಕ್ಲು, ಕೊಡಗು